ಶಾಖಾ ಕಛೇರಿಗಳ ಜಾಲದಲ್ಲಿ ಸ್ಟಬ್ ರೂಟರಿನ ಸ್ಥಾನ

ಗಣಕಜಾಲದಲ್ಲಿ ಸಂದೇಶಗಳಿಗೆ ದಾರಿ ತೋರುವ ಯಂತ್ರಕ್ಕೆ ರೂಟರ್ ಎಂದು ಹೆಸರು. ದಾರಿಗಳ ಪಟ್ಟಿಯನ್ನು ಮನುಷ್ಯರು ಬರೆದಿಡದೆ, ರೂಟರುಗಳೇ ಪರಸ್ಪರ ವಿಚಾರಿಸಿ ಸಿದ್ಧಪಡಿಸಿಕೊಳ್ಳುವ ಕ್ರಮವನ್ನು ಚಲನಶೀಲ ಮಾರ್ಗನಿರ್ಣಯವೆನ್ನಬಹುದು. ಈ ವಿಚಾರಣೆಯಲ್ಲಿ ಸಣ್ಣ ಶಾಖೆಯ ಪಾತ್ರವೆಷ್ಟಿರಬೇಕು ಎಂಬುದೇ ನಮ್ಮ ವಿಷಯ.

ಕರ್ನಾಟಕದ ಕೆ-ಸ್ವಾನ್ ಜಾಲವು ರಾಜಧಾನಿಯನ್ನು ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳೊಡನೆ ಜೋಡಿಸುತ್ತದೆ. 2011ರಲ್ಲಿ ಮಂಜೂರಾಗಿ, ಅನಂತರ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯು ಗ್ರಾಮ ಪಂಚಾಯತಿಗಳನ್ನು ಮುಟ್ಟುವ ಉದ್ದೇಶವುಳ್ಳದ್ದು. ಇಂತಹ ಜಾಲಗಳ ಆಕಾರ ಕೊಂಬೆಗಳುಳ್ಳ ಮರದಂತೆ. ಕೊಂಬೆಯ ತುದಿಯಿಂದ ಮುಂದೆ ದಾರಿಯಿಲ್ಲ.

ಉದಾಹರಣೆಗೆ ತುಮಕೂರು, ಮಧುಗಿರಿಗಳಲ್ಲಿ ಎರಡು ಕೇಂದ್ರಗಳೂ, ಕೊರಟಗೆರೆ, ಪಾವಗಡ, ಶಿರಾ ತಾಲ್ಲೂಕಿನ ಬರಗೂರು ಮೊದಲಾದೆಡೆ ಶಾಖೆಗಳೂ ಇವೆಯೆಂದು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಶಾಖೆಗೂ ಎರಡು ಕೇಂದ್ರಗಳಿಂದಲೂ ಒಂದೊಂದು ತಂತಿಯುಂಟು. ಇವು ಸಿಸ್ಕೋ ಸಂಸ್ಥೆಯ ಈಐಜಿಆರ್‌ಪಿ ನಿಯಮವನ್ನು ಅನುಸರಿಸುತ್ತವೆ. ಪಾವಗಡದ ಒಂದು ದಾರಿ ಕಡಿದು, ಬದಲಿ ಸಿದ್ಧವಿಲ್ಲದಿದ್ದರೆ, ಕೇಂದ್ರವು ಉಳಿದೆಲ್ಲ ನೆರೆಯವರನ್ನೂ 'ನಿಮಗೆ ದಾರಿ ಗೊತ್ತೇ?' ಎಂದು ಕೇಳುತ್ತದೆ. ಎಲ್ಲರ ಉತ್ತರವೂ ಬರುವ ತನಕ ಆ ದಾರಿಯ ನಿರ್ಣಯ ತಡೆದಿರುತ್ತದೆ. ಬರಗೂರಿನ ತಂತಿ ದುರ್ಬಲವಾಗಿ ಉತ್ತರ ಬಾರದಿದ್ದರೆ, ಸಾಮಾನ್ಯವಾಗಿ 3 ನಿಮಿಷಗಳ ಅವಧಿ ಕಳೆದ ಮೇಲೆ ಕೇಂದ್ರವು ಬರಗೂರಿನ ಸಂಬಂಧವನ್ನೇ ಕಡಿದುಹಾಕುತ್ತದೆ. ಪಾವಗಡದ ದೋಷಕ್ಕೆ ಬರಗೂರು ದಂಡ ತೆತ್ತಂತಾಯಿತು!

ಇನ್ನೊಂದು ಅಪಾಯವೂ ಉಂಟು. ತುಮಕೂರು–ಮಧುಗಿರಿ ನಡುವಣ ಹೆದ್ದಾರಿ ಕಡಿದರೆ, ಅವೆರಡರ ಭಾರವೆಲ್ಲ ಬರಗೂರಿನ ಸಣ್ಣ ತಂತಿಯ ಮೇಲೆ ಹರಿಯಬಹುದು.

ಶಾಖೆಯ ರೂಟರನ್ನು 'ಸ್ಟಬ್', ಅಂದರೆ ಮೋಟು, ಎಂದು ಘೋಷಿಸಿದರೆ ಎರಡೂ ತಪ್ಪುತ್ತವೆ. ಆಜ್ಞೆಯನ್ನು ಶಾಖೆಯಲ್ಲಿ ಮಾತ್ರ ಕೊಟ್ಟರೆ ಸಾಕು. ಶಾಖೆಯು ತನ್ನ ಪರಿಚಯ ಸಂದೇಶದಲ್ಲಿಯೇ ಅದನ್ನು ಸಾರುತ್ತದೆ. ಕೇಂದ್ರವು ಮುಂದೆ ಅದನ್ನು ಪ್ರಶ್ನಿಸುವುದಿಲ್ಲ. ಶಾಖೆಯೂ ಒಂದು ಕೇಂದ್ರದಿಂದ ಕಲಿತ ದಾರಿಯನ್ನು ಇನ್ನೊಂದಕ್ಕೆ ಹೇಳುವುದಿಲ್ಲ. ತನಗೆ ನೇರವಾಗಿ ಅಂಟಿದ ಜಾಲಗಳನ್ನೂ ಅವುಗಳ ಸಾರಾಂಶವನ್ನೂ ಮಾತ್ರ ತಿಳಿಸುತ್ತದೆ.

ಆದರೆ ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಸ್ಟಬ್ ಆದ ಮಾತ್ರಕ್ಕೆ ಕೇಂದ್ರದಿಂದ ಬರುವ ದಾರಿಗಳ ಪಟ್ಟಿ ಕಿರಿದಾಗದು. 'ಮಿಕ್ಕೆಲ್ಲಕ್ಕೂ ಇತ್ತ ಬಾ' ಎನ್ನುವ ಒಂದೇ ಸಾಮಾನ್ಯ ದಾರಿಯನ್ನು ಕಳುಹಿಸುವ ಏರ್ಪಾಡನ್ನು ಕೇಂದ್ರದಲ್ಲಿ ಬೇರೆಯಾಗಿ ಮಾಡಬೇಕು. ಎರಡನೆಯದಾಗಿ, ಬರಗೂರಿನ ಹಿಂದೆ ಮತ್ತೊಂದು ರೂಟರನ್ನು ಜೋಡಿಸಿದರೆ, ಅದರಿಂದ ಕಲಿತ ದಾರಿಗಳು ಕೇಂದ್ರಕ್ಕೆ ಕಾಣವು. ವಿಶೇಷ ಅನುಮತಿಯಿಲ್ಲದೆ ಆ ಶಾಲೆಯೋ ಕಛೇರಿಯೋ ಜಾಲದಿಂದ ಮರೆಯಾಗುತ್ತದೆ. ಮೂರನೆಯದಾಗಿ, ಕೇಂದ್ರಗಳ ನಡುವಣ ದಾರಿ ಕಡಿದಾಗ ಶಾಖೆ ಸೇತುವೆಯಾಗದ ಕಾರಣ, ಕೇಂದ್ರಗಳಿಗೆ ತಮ್ಮದೇ ಎರಡನೆಯ ದಾರಿ ಇರಲೇಬೇಕು.

ಓಎಸ್‌ಪಿಎಫ್ ನಿಯಮದಲ್ಲಿಯೂ ಸ್ಟಬ್ ಎಂಬ ಮಾತಿದೆ. ಅಲ್ಲಿ ಅದು ಒಂದು ರೂಟರಿನ ಗುಣವಲ್ಲ, ಇಡೀ ವಲಯದ ಗುಣ. ವಲಯದ ರೂಟರುಗಳೆಲ್ಲವೂ ಅದಕ್ಕೆ ಒಪ್ಪಿದಲ್ಲದೆ ನೆರೆಸಂಬಂಧ ಏರ್ಪಡದು. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು.

ಹೀಗೆ, ಜಾಲದ ದೃಢತೆಗೆ ಪ್ರತಿಯೊಂದು ಯಂತ್ರವೂ ಎಲ್ಲವನ್ನೂ ತಿಳಿದಿರಬೇಕಾದ ಅಗತ್ಯವಿಲ್ಲ. ನಿಜವಾಗಿ ತುದಿಯಾಗಿರುವುದನ್ನು ತುದಿಯೆಂದು ಹೇಳುವುದೇ ಶಾಖೆಗೂ ಕೇಂದ್ರಕ್ಕೂ ಕ್ಷೇಮವೆಂದು ನಾವು ಭಾವಿಸುತ್ತೇವೆ.