ಓಡುತ್ತ ಓಡುತ್ತ ಬದುಕಲು ಕಲಿತವಳು

ಜಪಾನಿನಲ್ಲಿ ಫುಕುದಾ ಕಜುಕೊ ಎಂದರೆ ಇವತ್ತಿಗೂ ಜನರಿಗೆ ಗೊತ್ತು. 1982ರ ಆಗಸ್ಟ್‌ನಲ್ಲಿ ಮತ್ಸುಯಾಮಾ ನಗರದಲ್ಲಿ, ತನ್ನ ಜೊತೆ ಬಾರಿನಲ್ಲಿ ದುಡಿಯುತ್ತಿದ್ದ ಹೆಂಗಸನ್ನು ಕತ್ತು ಹಿಸುಕಿ ಕೊಂದು ಪರಾರಿಯಾದವಳು. ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು, ಊರು ಬದಲಿಸಿದಳು, ಹೆಸರು ಬದಲಿಸಿದಳು. ಪತ್ರಿಕೆಗಳು ಅವಳನ್ನು ಏಳು ಮುಖದ ಹೆಂಗಸು ಎಂದು ಕರೆದವು. ಆಗಿನ ಕಾನೂನಿನಂತೆ 15 ವರ್ಷದೊಳಗೆ ಮೊಕದ್ದಮೆ ಹೂಡದಿದ್ದರೆ ಕೊಲೆಗಾರರಿಗೂ ಬಿಡುಗಡೆ. ಆ ಗಡುವಿಗೆ ಮೂರು ವಾರ ಇರುವಾಗ, 1997ರ ಜುಲೈನಲ್ಲಿ, ಫುಕುಯಿ ನಗರದಲ್ಲಿ ಸಿಕ್ಕಿಬಿದ್ದಳು. ಅವಳು ಆಗಾಗ ಹೋಗುತ್ತಿದ್ದ ಸಣ್ಣ ಊಟದಂಗಡಿಯವರಿಗೆ ಅನುಮಾನ ಬಂದಿತ್ತು. ಅವಳು ಮುಟ್ಟಿದ ಬಿಯರ್ ಬಾಟಲಿ, ಹಾಡಿನ ಜೊತೆ ಅಲ್ಲಾಡಿಸಿದ ಗಿಲಕಿ ವಾದ್ಯ, ಇವೆರಡರ ಮೇಲಿನ ಬೆರಳಚ್ಚು ಅವಳನ್ನು ಹಿಡಿದುಕೊಟ್ಟಿತು. ಜೀವಾವಧಿ ಶಿಕ್ಷೆಯಾಯಿತು, 2005ರಲ್ಲಿ ತೀರಿಕೊಂಡಳು. ಕೊಲೆಗೆ ಇದ್ದ ಆ ಗಡುವನ್ನು ಜಪಾನ್ 2010ರಲ್ಲಿ ತೆಗೆದೇ ಹಾಕಿತು.

ಇಂಥ ಕಥೆ ಸಿಕ್ಕರೆ ಯಾರಾದರೂ ಪೊಲೀಸರ ಬೆನ್ನಟ್ಟುವಿಕೆಯ ಸಿನಿಮಾ ಮಾಡಿಯಾರು. ನಿರ್ದೇಶಕ ಸಕಮೊತೊ ಜುಂಜಿ ಈ ಪ್ರಕರಣದ ಎಳೆ ಹಿಡಿದು 2000ದಲ್ಲಿ ಮಾಡಿದ 'ಕಾವೊ', ಅಂದರೆ 'ಮುಖ', ಬೇರೆಯದೇ ದಾರಿ ಹಿಡಿಯಿತು. ಅದಕ್ಕೇ ನನಗೆ ಅದು ಇಷ್ಟ.

ಅದರ ನಾಯಕಿ ಮಸಾಕೊ ಬಾರಿನವಳಲ್ಲ. ಅಮ್ಮನ ಲಾಂಡ್ರಿ ಅಂಗಡಿಯ ಮನೆಯಲ್ಲಿ, ಹೊರಗೆ ಕಾಲಿಡದೆ, ಬಟ್ಟೆ ರಿಪೇರಿ ಮಾಡುತ್ತ ಕೂತ ನಡುವಯಸ್ಸಿನ ಹೆಂಗಸು. ನಾನೂ ಹೊಲಿಗೆ ಬಲ್ಲವಳು. ಮಿಷನ್ನಿನ ಮುಂದೆ ಬಗ್ಗಿದ ಆ ಬೆನ್ನು, ಯಾರಾದರೂ ಮಾತಾಡಿಸಿದರೆ ತಲೆ ಎತ್ತದ ಆ ಕುತ್ತಿಗೆ ನನಗೆ ಚೆನ್ನಾಗಿ ಗೊತ್ತು. ಅಮ್ಮ ಸಾಯುತ್ತಾಳೆ. ಚೆಂದದ, ಚುರುಕಿನ ತಂಗಿ ಯುಕಾರಿ ಮಾತಿನಲ್ಲಿ ಚುಚ್ಚುತ್ತಾಳೆ. ಮಸಾಕೊ ಅವಳನ್ನು ಕೊಂದು, ಅಮ್ಮನ ಸಾವಿಗೆ ಜನ ಕೊಟ್ಟ ಹಣ ಎತ್ತಿಕೊಂಡು ಓಡುತ್ತಾಳೆ. ಆಗಲೇ 1995ರ ಜನವರಿಯ ಕೋಬೆ ಭೂಕಂಪ. ಸುತ್ತಲ ಊರೇ ಕುಸಿದಿರುವಾಗ ಇವಳೊಬ್ಬಳನ್ನು ಯಾರು ಗಮನಿಸುತ್ತಾರೆ?

ಆಮೇಲಿನದೇ ಸಿನಿಮಾದ ಜೀವ. ಲಾಡ್ಜಿನಲ್ಲಿ ಹಾಸಿಗೆ ಬದಲಿಸುವ ಕೆಲಸ ಸಿಗುತ್ತದೆ. ಅಲ್ಲಿ ಸೈಕಲ್ ಹೊಡೆಯಲು ಕಲಿಯುತ್ತಾಳೆ. ಬಿಸಿನೀರಿನ ಬುಗ್ಗೆಗಳ ಊರು ಬೆಪ್ಪುವಿನಲ್ಲಿ ಒಂದು ಸಣ್ಣ ಬಾರಿಗೆ ಸೇರಿ, ಗಿರಾಕಿಗಳೊಂದಿಗೆ ನಕ್ಕು ಮಾತಾಡುವುದನ್ನೂ ಕಲಿಯುತ್ತಾಳೆ. ಕಜುಕೊ ಚಾಕುವಿನಿಂದ ಬದಲಿಸಿಕೊಂಡ ಮುಖ ಇಲ್ಲಿ ತಾನಾಗಿ ಬದಲಾಗುತ್ತದೆ: ಗಲ್ಲ ಸಡಿಲವಾಗುತ್ತದೆ, ಕಣ್ಣು ಎದುರಿನವರನ್ನು ನೋಡತೊಡಗುತ್ತದೆ. ಮಸಾಕೊ ಆಗಿರುವ ಫುಜಿಯಾಮಾ ನಾವೊಮಿ ಹಾಸ್ಯ ನಾಟಕಗಳ ಹೆಸರಾಂತ ನಟಿ, ಅದೇ ರಂಗಭೂಮಿಯ ದೊಡ್ಡ ನಟ ಫುಜಿಯಾಮಾ ಕನ್ಬಿಯ ಮಗಳು. ನಗಿಸುವುದನ್ನು ಕರಗತ ಮಾಡಿಕೊಂಡವರಿಗಷ್ಟೇ ನಗಲು ಬಾರದವಳನ್ನು ಇಷ್ಟು ನಿಖರವಾಗಿ ತೋರಿಸಲು ಸಾಧ್ಯವೇನೋ. ಜಪಾನಿನ ಹಳೆಯ ಸಿನಿಮಾ ಪತ್ರಿಕೆ 'ಕಿನೆಮಾ ಜುಂಪೊ' ಆ ವರ್ಷದ ದೇಶದ ಚಿತ್ರಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟಿತು.

ನೋಡುವಾಗ ನಾನು ಮಸಾಕೊ ಪಕ್ಷವೇ. ಅವಳು ಸಿಕ್ಕಿಬೀಳದಿರಲಿ ಎಂದು ಮನಸ್ಸು ಬೇಡುತ್ತದೆ. ಆದರೂ ಒಂದು ತಕರಾರು ಉಳಿದೇ ಇದೆ. ಮತ್ಸುಯಾಮಾದ ನಿಜ ಪ್ರಕರಣದಲ್ಲಿ ಕೊಂದವಳ ಮುಖ ಊರೂರಿನ ಪೋಸ್ಟರಿನಲ್ಲಿತ್ತು, ಸತ್ತವಳು ಸುದ್ದಿಯ ಮೂಲೆಗೆ ಸರಿದಳು. ಇಲ್ಲೂ ಯುಕಾರಿಯ ಪಾಲಿಗೆ ಬಂದದ್ದು ಬಹುಮಟ್ಟಿಗೆ ಆರಂಭದ ಕೆಲವು ದೃಶ್ಯಗಳು. ಅವಳೂ ಅದೇ ಮನೆಯಲ್ಲಿ, ಅದೇ ಅಮ್ಮನ ಕೈಕೆಳಗೆ ಬೆಳೆದವಳು. ಅವಳಿಗೆ ಅಕ್ಕನ ಮೇಲೆ ಆ ಸಿಟ್ಟು ಎಲ್ಲಿಂದ ಬಂತೆಂದು ಸಕಮೊತೊ ಇನ್ನೂ ಸ್ವಲ್ಪ ಹೊತ್ತು ನಿಂತು ಕೇಳಬೇಕಿತ್ತು.