‘ಕಡಲ ತಾರೆ’ಯಾದ ಕಡಲ ಹನಿ: ಮಿರ್ಯಾಮ್ ಎಂಬ ಹೆಸರಿನ ಅರ್ಥ ಮತ್ತು ಚರಿತ್ರೆ

ಮರಿಯಂ, ಮರಿಯಾ, ಮೇರಿ ಎಂಬ ಹೆಸರುಗಳಿಗೆಲ್ಲ ಮೂಲವಾದ ಹೀಬ್ರೂ ಹೆಸರು ‘ಮಿರ್ಯಾಮ್’ ಎಂಬುದಕ್ಕೆ ‘ಕಡಲ ತಾರೆ’ ಎಂಬ ಅರ್ಥವಿದೆಯೆಂಬ ನಂಬಿಕೆ ಬಹಳ ಹಳೆಯದು. ಲ್ಯಾಟಿನ್ನಿನಲ್ಲಿ ಇದು ‘ಸ್ಟೆಲ್ಲಾ ಮಾರಿಸ್’. ಉಡುಪಿಯ ಕಲ್ಮಾಡಿಯ ಚರ್ಚಿಗೂ ಇದೇ ಹೆಸರಿದೆ. ಆದರೆ ಹೀಬ್ರೂವಿನಲ್ಲಿ ನಕ್ಷತ್ರಕ್ಕಿರುವ ಪದ ‘ಕೋಖಾವ್’, ಅದರ ಒಂದು ವ್ಯಂಜನವೂ ಮಿರ್ಯಾಮ್ ಎಂಬಲ್ಲಿ ಇಲ್ಲ. 4ನೆಯ ಶತಮಾನದ ಕೊನೆಗೆ ಹೀಬ್ರೂ ಹೆಸರುಗಳ ಅರ್ಥಕೋಶವೊಂದನ್ನು ಲ್ಯಾಟಿನ್ನಿನಲ್ಲಿ ಸಿದ್ಧಪಡಿಸಿದ ಸಂತ ಜೆರೋಮರು, ‘ಮರ್’ ಎಂದರೆ ಹನಿ, ‘ಯಾಮ್’ ಎಂದರೆ ಕಡಲು ಎಂದು ಹೆಸರನ್ನು ಬಿಡಿಸಿ ‘ಸ್ಟಿಲ್ಲಾ ಮಾರಿಸ್’, ಅಂದರೆ ಕಡಲ ಹನಿ, ಎಂದು ಬರೆದಿದ್ದರೆಂದೂ, ಮುಂದೆ ಹಸ್ತಪ್ರತಿಗಳನ್ನು ನಕಲು ಮಾಡಿದವರ ಕೈಯಲ್ಲಿ ಆ ‘ಸ್ಟಿಲ್ಲಾ’ ‘ಸ್ಟೆಲ್ಲಾ’ ಆಯಿತೆಂದೂ ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಒಂದೇ ಒಂದು ಸ್ವರ ಪಲ್ಲಟಗೊಂಡು ಹನಿಯೊಂದು ತಾರೆಯಾದದ್ದು, ನಾವಿಕರು ಶತಮಾನಗಳ ಕಾಲ ಆ ಹೆಸರಿನಲ್ಲಿ ಯೇಸುವಿನ ತಾಯಿಯನ್ನು ಪ್ರಾರ್ಥಿಸಿದ್ದು, ಭಾಷೆಗಳ ಚರಿತ್ರೆಯಲ್ಲಿ ನಿಜಕ್ಕೂ ವಿಸ್ಮಯದ ಸಂಗತಿ.

ಜೆರೋಮರೇ ಕೊಟ್ಟ ಇನ್ನೊಂದು ಅರ್ಥವಾದ ‘ಕಹಿ ಕಡಲು’ ಕೂಡ ನಿಲ್ಲುವುದಿಲ್ಲ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲು ಬಂದರೆ ಹೀಬ್ರೂವಿನಲ್ಲಿ ಅದು ನಾಮಪದದ ನಂತರ ಬರುವುದರಿಂದ, ಆ ಅರ್ಥಕ್ಕೆ ‘ಯಾಮ್ ಮರ್’ ಎಂದಿರಬೇಕಿತ್ತು. ಯಹೂದಿ ವ್ಯಾಖ್ಯಾನಕಾರರು ತಮ್ಮ ಪೂರ್ವಜರ ಈಜಿಪ್ಟಿನ ದಾಸ್ಯದ ಕಹಿಯನ್ನು ಈ ಹೆಸರಿನಲ್ಲಿ ಕಂಡದ್ದು ಭಾವಪೂರ್ಣವಾದದ್ದೇ ಹೊರತು ವ್ಯಾಕರಣಸಮ್ಮತವಾದ ನಿರುಕ್ತಿಯಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಈ ಹೆಸರು ಹೊತ್ತ ಮಿರ್ಯಾಮಳ ತಮ್ಮನಾದ ಮೋಶೆಯ ಹೆಸರು ಈಜಿಪ್ಟ್ ಮೂಲದ್ದೆಂದು ಅನೇಕರು ಒಪ್ಪುವುದರಿಂದ, ಇದರಲ್ಲಿಯೂ ಪ್ರೀತಿಯನ್ನು ಸೂಚಿಸುವ ಈಜಿಪ್ಟಿನ ‘ಮ್-ರ್’ ಧಾತು ಇದೆಯೆಂಬ ಊಹೆಗೆ ಹೆಚ್ಚು ಬಲವಿದೆ. ಆದರೂ ಅದು ಊಹೆಯೇ.

ಯೇಸುವಿನ ತಾಯಿಯಿಂದಾಗಿಯೇ ಹೆಸರು ಜನಪ್ರಿಯವಾಯಿತೆಂಬುದು ಯೂರೋಪಿಗೆ ಸಲ್ಲುವ ಮಾತು, ಆಕೆಯ ಸ್ವಂತ ನಾಡಿಗಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಅಪರೂಪವಾಗಿದ್ದ ಈ ಹೆಸರು ಅವಳ ಕಾಲಕ್ಕಾಗಲೇ ಎಷ್ಟು ಹಬ್ಬಿತ್ತೆಂದರೆ, ಶಾಸನ ಹಾಗೂ ಗ್ರಂಥಗಳಲ್ಲಿ ದಾಖಲಾದ ಆ ಯುಗದ ಪ್ಯಾಲೆಸ್ತೀನಿನ ಯಹೂದಿ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮರಿಯಂ ಇಲ್ಲವೇ ಸಲೋಮೆ ಎಂಬ ಹೆಸರಿದೆ. ಯಹೂದಿಗಳ ಸ್ವಂತ ರಾಜವಂಶವಾದ ಹಸ್ಮೋನಿಯರ ಕುವರಿ, ಇದೇ ಹೆಸರಿನ ಮರಿಯಮ್ನೆಯನ್ನು ಅವಳ ಗಂಡ ರಾಜ ಹೆರೋದನೇ ಕ್ರಿ.ಪೂ. 29ರಲ್ಲಿ ಕೊಲ್ಲಿಸಿದ್ದ; ಆ ವಂಶದ ಮೇಲಿನ ಜನರ ಅಭಿಮಾನ ಹೆಸರಿನ ಹಬ್ಬುವಿಕೆಗೆ ಒಂದು ಕಾರಣವೆನ್ನಲಾಗುತ್ತದೆ. ಸುವಾರ್ತೆಗಳಲ್ಲಿ ಇಷ್ಟೊಂದು ಮರಿಯರು ಎದುರಾಗುವುದೂ ಇದರಿಂದಲೇ.

ಕನ್ನಡ ಬೈಬಲ್ಲಿನ ಹಳೆ ಒಡಂಬಡಿಕೆಯ ಮಿರ್ಯಾಮ, ಹೊಸ ಒಡಂಬಡಿಕೆಯ ಮರಿಯ ಎರಡು ಬೇರೆ ಹೆಸರುಗಳೆಂದು ತೋರುವುದು ಸಹಜ. ಮೊದಲನೆಯದು ಹೀಬ್ರೂ ಪಾಠದಿಂದ, ಎರಡನೆಯದು ಗ್ರೀಕ್ ಪಾಠದಿಂದ ಬಂದ ಒಂದೇ ಹೆಸರಿನ ರೂಪಗಳವು. ಕುರ್‌ಆನಿನ ಮರ್ಯಮ್ ಸಹ ಅದೇ. ಆದರೆ ಕರಾವಳಿಯ ದೇವತೆ ಮಾರಿಯಮ್ಮನಿಗೂ ಕ್ರೈಸ್ತರ ಮನೆಗಳ ಮರಿಯಮ್ಮನಿಗೂ ಇರುವುದು ಉಚ್ಚಾರದ ಹೋಲಿಕೆ ಮಾತ್ರ. ಎರಡಕ್ಕೂ ‘ಅಮ್ಮ’ ಎಂಬುದನ್ನು ಸೇರಿಸಿದ್ದು ಈ ನೆಲದ ಮಾತು.