ಬೇಡದ ಅಂಚೆಯ ವಿವೇಚನೆ

ಇಂದು ಜಗತ್ತನ್ನೆಲ್ಲ ವ್ಯಾಪಿಸಿರುವ ಇಮೇಲ್ ವ್ಯವಸ್ಥೆಯು ಪರಸ್ಪರ ವಿಶ್ವಾಸವನ್ನೇ ಅಡಿಗಲ್ಲಾಗಿ ಮಾಡಿಕೊಂಡು ಬೆಳೆದುದು. ಜಾನ್ ಪೋಸ್ಟೆಲ್ ಅವರು 1982ರಲ್ಲಿ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ರಚಿಸಿದಾಗ, ಅಂದಿನ ಕಂಪ್ಯೂಟರ್ ಜಾಲವನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ಜನರೇ ಆಗಿದ್ದ ಕಾರಣ, ಲಕೋಟೆಯ ಹಿಂಬದಿಯಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಾದಂತೆ, ಕಳುಹಿಸುವವನು ತನ್ನ ವಿಳಾಸವೆಂದು ಹೇಳಿದುದನ್ನು ಪರೀಕ್ಷಿಸದೆಯೇ ಸ್ವೀಕರಿಸುವ ಪದ್ಧತಿ ಅದರಲ್ಲಿ ಉಳಿದುಕೊಂಡಿತು. ಅದಕ್ಕೂ ಹಿಂದೆ, 1978ರ ಮೇ 3ರಂದೇ, ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯ ಗ್ಯಾರಿ ಥುಯರ್ಕ್ ಎಂಬವರು ತಮ್ಮ ಕಂಪ್ಯೂಟರುಗಳ ಪ್ರದರ್ಶನಕ್ಕೆ ಆಹ್ವಾನಿಸಿ ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ಟಿನ ಸುಮಾರು 400 ಮಂದಿಗೆ ಕೇಳದ ಪತ್ರವೊಂದನ್ನು ಕಳುಹಿಸಿಯಾಗಿತ್ತು. ಸ್ಪ್ಯಾಮ್ ಎಂದು ನಾವಿಂದು ಕರೆಯುವ ಪಿಡುಗಿಗೆ ಅದನ್ನೇ ಆದಿಯೆಂದು ಎಣಿಸುವುದು ವಾಡಿಕೆ.

ಒಂದು ಕಾಲೇಜೋ ಗ್ರಂಥಾಲಯವೋ ಸಣ್ಣ ಪ್ರಕಾಶನ ಸಂಸ್ಥೆಯೋ ತನ್ನದೇ ಆದ ಅಂಚೆಯ ಸರ್ವರನ್ನು ನಡೆಸಹೊರಟಾಗ, ಈ ಪಿಡುಗನ್ನು ತಡೆಯುವ ಹೊಣೆ ಅದರ ಮೇಲೆಯೇ ಬೀಳುತ್ತದೆ. ಇಲ್ಲಿ ಎರಡು ಬಗೆಯ ತಪ್ಪುಗಳುಂಟು. ಅವುಗಳ ತೂಕ ಒಂದೇ ಅಲ್ಲ. ಬೇಡದ ಪತ್ರವೊಂದು ಒಳನುಸುಳಿದರೆ ಓದುವವನಿಗೆ ಕ್ಷಣಕಾಲದ ಕಿರುಕುಳವಷ್ಟೆ. ಬೇಕಾದ ಪತ್ರವೊಂದು ಸದ್ದಿಲ್ಲದೆ ನಾಶವಾದರೆ, ಕಳುಹಿಸಿದವನು ಅದು ತಲುಪಿತೆಂದು ನಂಬಿ ಉತ್ತರಕ್ಕಾಗಿ ಕಾಯುತ್ತಿರುತ್ತಾನೆ, ಪಡೆಯಬೇಕಾದವನಿಗೆ ಅಂಥದೊಂದು ಪತ್ರವಿತ್ತೆಂಬ ಸುಳಿವೇ ಇರುವುದಿಲ್ಲ. ಶೋಧಕವನ್ನು ಆರಿಸುವಾಗಲೂ ಅಳವಡಿಸುವಾಗಲೂ ಈ ತಾರತಮ್ಯವನ್ನು ಮರೆಯತಕ್ಕದ್ದಲ್ಲ.

ಮೊದಲ ಪರೀಕ್ಷೆ ಪತ್ರವನ್ನು ಓದುವುದಕ್ಕೂ ಮುಂಚೆಯೇ ನಡೆಯಬಹುದು. ವೀಟ್ಸೆ ವೆನೆಮಾ ಅವರು ರಚಿಸಿದ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಪೋಸ್ಟ್‌ಸ್ಕ್ರೀನ್ ಎಂಬ ಭಾಗವೊಂದಿದ್ದು, ಹೊಸದಾಗಿ ಬಂದ ಸಂಪರ್ಕವನ್ನು ಅದು ಸಾಮಾನ್ಯವಾಗಿ 6 ಸೆಕೆಂಡುಗಳ ಕಾಲ ಕಾಯಿಸುತ್ತದೆ. ಸರ್ವರ್ ಮೊದಲು ಮಾತನಾಡಬೇಕು, ಬಂದವನು ಅನಂತರ ಮಾತನಾಡಬೇಕು ಎಂಬುದು ಎಸ್‌ಎಂಟಿಪಿಯ ಶಿಷ್ಟಾಚಾರ. ಲಕ್ಷಗಟ್ಟಲೆ ಪತ್ರಗಳನ್ನು ತರಾತುರಿಯಲ್ಲಿ ಎಸೆಯಹೊರಟ ಯಂತ್ರಗಳಲ್ಲಿ ಅನೇಕವು ಇಷ್ಟು ಸೈರಣೆಯನ್ನೂ ತೋರಲಾರದೆ ಮುನ್ನವೇ ಮಾತಿಗೆ ತೊಡಗಿ ಸಿಕ್ಕಿಬೀಳುತ್ತವೆ. ಇದರೊಡನೆ, ಕುಖ್ಯಾತ ವಿಳಾಸಗಳ ಕಪ್ಪುಪಟ್ಟಿಯನ್ನು, ಜಾಲದ ಹೆಸರುಪಟ್ಟಿಯಾದ ಡಿಎನ್‌ಎಸ್ ಮೂಲಕ ವಿಚಾರಿಸುವ ಪದ್ಧತಿಯೂ ಇದೆ; 1998ರಲ್ಲಿ ಸ್ಥಾಪಿತವಾದ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿ ಇವುಗಳಲ್ಲಿ ಬಹು ಪ್ರಸಿದ್ಧ. ಆದರೆ ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಸೇವೆಯ ಮೂಲಕ ಕೇಳಿದ ಪ್ರಶ್ನೆಗೆ ಆ ಸಂಸ್ಥೆ ಸರಿಯಾದ ಉತ್ತರವನ್ನು ಕೊಡದಾದುದರಿಂದ, ಸರ್ವರಿನಲ್ಲಿಯೇ ಅನ್‌ಬೌಂಡ್‌ನಂಥ ಸ್ವಂತ ಡಿಎನ್‌ಎಸ್ ರಿಸಾಲ್ವರನ್ನು ಇರಿಸಿಕೊಳ್ಳುವುದು ಅವಶ್ಯ. ಸಣ್ಣ ಸರ್ವರುಗಳಲ್ಲಿ ಕಪ್ಪುಪಟ್ಟಿ ವ್ಯರ್ಥವಾಗುವುದು ಎಷ್ಟೋ ವೇಳೆ ಈ ಒಂದು ಉಪೇಕ್ಷೆಯಿಂದಲೇ.

2003ರಲ್ಲಿ ಇವಾನ್ ಹ್ಯಾರಿಸ್ ಅವರು ಸೂಚಿಸಿದ ಗ್ರೇಲಿಸ್ಟಿಂಗ್ ಎಂಬ ಉಪಾಯವು, ಅಪರಿಚಿತನ ಪತ್ರವನ್ನು ‘ಈಗ ಆಗದು, ತುಸು ಹೊತ್ತಿನ ಮೇಲೆ ಬಾ’ ಎಂಬ ತಾತ್ಕಾಲಿಕ ಸಂಕೇತದೊಡನೆ ಹಿಂದಿರುಗಿಸುತ್ತದೆ. ಕ್ರಮಬದ್ಧ ಸರ್ವರ್ ಮತ್ತೆ ಬರುತ್ತದೆ. ಸ್ಪ್ಯಾಮ್ ಯಂತ್ರ ಹಲವೊಮ್ಮೆ ಬರುವುದಿಲ್ಲ. ಸುಂದರವಾದ ಯುಕ್ತಿಯೇ ಸರಿ. ಆದರೂ ಕೆಲವು ನಿಮಿಷಗಳಲ್ಲಿ ಅವಧಿ ಮುಗಿಯುವ ಗುಪ್ತಸಂಖ್ಯೆಗಳು ಇಮೇಲಿನಲ್ಲಿ ಬರುವ ಈ ದಿನಗಳಲ್ಲಿ ಎಲ್ಲ ಪತ್ರಗಳನ್ನೂ ಹೀಗೆ ತಡೆಯುವುದು ಉಚಿತವೆಂದು ನನಗೆ ತೋರುವುದಿಲ್ಲ. ಸಂಶಯಾಸ್ಪದವಾದವುಗಳಿಗೆ ಮಾತ್ರ ಅದನ್ನು ಮೀಸಲಿಡಬೇಕು.

ಇವೆಲ್ಲವನ್ನೂ ದಾಟಿ ಬಂದ ಪತ್ರದ ಒಳಗನ್ನು ಪರಿಶೀಲಿಸುವ ವಿಧಾನವೇ ಈ ಶಾಸ್ತ್ರದಲ್ಲಿ ಅತ್ಯಂತ ರಮ್ಯವಾದ ಭಾಗ. 1761ರಲ್ಲಿ ಗತಿಸಿದ ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿಯು ಸಂಭವನೀಯತೆಯನ್ನು ಕುರಿತು ಬರೆದಿರಿಸಿದ್ದ ಪ್ರಬಂಧವು 1763ರಲ್ಲಿ ಬೆಳಕು ಕಂಡಿತು. ಆ ತತ್ತ್ವವನ್ನೇ ಸ್ಪ್ಯಾಮಿನ ವಿರುದ್ಧ ಬಳಸುವ ವಿಚಾರವನ್ನು 2002ರಲ್ಲಿ ಪಾಲ್ ಗ್ರಹಾಂ ಅವರ ಲೇಖನವೊಂದು ಲೋಕಪ್ರಿಯಗೊಳಿಸಿತು. 200 ಬೇಡದ ಪತ್ರಗಳಲ್ಲಿ ‘ಲಾಟರಿ’ ಎಂಬ ಪದ 40ರಲ್ಲಿಯೂ, 200 ಒಳ್ಳೆಯ ಪತ್ರಗಳಲ್ಲಿ ಕೇವಲ 1ರಲ್ಲಿಯೂ ಕಂಡಿತೆಂದು ಭಾವಿಸೋಣ. ಆಗ ಆ ಪದವು 40ಕ್ಕೆ 1ರಂತೆ ಸ್ಪ್ಯಾಮಿನ ಪರವಾಗಿ ಸಾಕ್ಷಿ ನುಡಿಯುತ್ತದೆ. ಅದೇ ಪತ್ರದಲ್ಲಿರುವ ‘ಕರಡು’ ಎಂಬ ಪದ ಒಳ್ಳೆಯ ಪತ್ರಗಳ ಪರವಾಗಿ 30ಕ್ಕೆ 1ರಂತೆ ನುಡಿದರೆ, ಎರಡೂ ಸೇರಿ ತೂಕ 4ಕ್ಕೆ 3ರಷ್ಟಕ್ಕೆ ಇಳಿಯುತ್ತದೆ. ಅಷ್ಟರಿಂದ ಯಾವ ಪತ್ರವನ್ನೂ ದಂಡಿಸಲಾಗದು. ಒಂದು ಪದದ ದೋಷಕ್ಕಾಗಿ ಇಡೀ ಪತ್ರವನ್ನು ಬಹಿಷ್ಕರಿಸದೆ, ಎಲ್ಲ ಪದಗಳ ಸಾಕ್ಷ್ಯವನ್ನೂ ಕೇಳಿ ತೀರ್ಮಾನಿಸುವ ಈ ನ್ಯಾಯಬುದ್ಧಿಯೇ ಬೇಯ್ಸ್ ವಿಧಾನದ ಹಿರಿಮೆ.

ಈ ಲೆಕ್ಕವೆಲ್ಲ ಆಯಾ ಸಂಸ್ಥೆಯ ಸ್ವಂತ ಅಂಚೆಯಿಂದಲೇ ಹುಟ್ಟತಕ್ಕದ್ದು. ‘ರಿಯಾಯಿತಿ’ ಎಂಬ ಪದ ಗ್ರಂಥಾಲಯವೊಂದಕ್ಕೆ ಶಂಕೆಯ ಕುರುಹಾಗಬಹುದು, ಪ್ರಕಾಶಕನಿಗಾದರೋ ಅದು ನಿತ್ಯವ್ಯವಹಾರದ ಮಾತು. ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಪದಗಳನ್ನು ಇಡಿಯಾಗಿ ಎಣಿಸುವ ಶೋಧಕಕ್ಕೆ ‘ಪುಸ್ತಕವನ್ನು’, ‘ಪುಸ್ತಕದಲ್ಲಿ’, ‘ಪುಸ್ತಕಗಳಿಗೆ’ ಎಂಬಿವು ಮೂರು ಬೇರೆ ಬೇರೆ ಪದಗಳಾಗಿಯೇ ತೋರುವುದರಿಂದ ಸಾಕ್ಷ್ಯವು ಚದುರಿಹೋಗುತ್ತದೆ, ಆದಕಾರಣ ಕನ್ನಡದ ಒಳ್ಳೆಯ ಪತ್ರಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಅದಕ್ಕೆ ಉಣಿಸಬೇಕು. ಇಂಗ್ಲಿಷ್ ಸ್ಪ್ಯಾಮನ್ನು ಮಾತ್ರ ಕಲಿಸಿ ಸುಮ್ಮನಾದರೆ ಕಲಿಕೆ ಅರ್ಧವಾಯಿತೆಂದೇ ಅರ್ಥ.

ತಂತ್ರಾಂಶದ ಆಯ್ಕೆಯಲ್ಲಿ ಹೆಚ್ಚು ಚರ್ಚೆ ಬೇಡ. ಪರ್ಲ್ ಭಾಷೆಯಲ್ಲಿ ರಚಿತವಾದ ಸ್ಪ್ಯಾಮ್‌ಅಸಾಸಿನ್ ಹಳೆಯದು, ನೆಚ್ಚಬಹುದಾದುದು. ಸಿ ಭಾಷೆಯ ಆರ್‌ಸ್ಪ್ಯಾಮ್‌ಡಿ ಹೊಸದು, ಶೀಘ್ರಗತಿಯದು. ಹೊಸದಾಗಿ ಆರಂಭಿಸುವವರಿಗೆ ನಾನು ಎರಡನೆಯದನ್ನೇ ಸೂಚಿಸುವೆನು. ಎರಡರಲ್ಲಿಯೂ ಬೇಯ್ಸ್ ಭಾಗವು ಆರಂಭದ ನಿಗದಿಯಂತೆ ಎರಡೂ ಬಗೆಯ 200-200 ಪತ್ರಗಳನ್ನು ಕಲಿತ ಮೇಲೆಯೇ ಬಾಯಿ ತೆರೆಯುತ್ತದೆ. ಅದಕ್ಕೆ ಮುಂಚೆ ಅದನ್ನು ದೂರುವುದು ಅನ್ಯಾಯ. ಕಳುಹಿಸಿದವನ ವಿಳಾಸದ ಸಾಚಾತನವನ್ನು ಅಳೆಯುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್‌ಗಳ ಫಲಿತಾಂಶವನ್ನೂ ಇವು, ಪತ್ರದ ಮೇಲಿನ ಸಂಶಯವನ್ನು ಅಳೆಯುವ ಅಂಕಗಳಲ್ಲಿ ಸೇರಿಸಿಕೊಳ್ಳುತ್ತವೆ. ಒಬ್ಬರಿಗೆ ಬಂದುದನ್ನು ಇನ್ನೊಂದು ವಿಳಾಸಕ್ಕೆ ರವಾನಿಸಿದಾಗ ನಿಷ್ಕಪಟವಾದ ಪತ್ರವೂ ಎಸ್‌ಪಿಎಫ್ ಪರೀಕ್ಷೆಯಲ್ಲಿ ಸೋಲುವುದುಂಟಾದ್ದರಿಂದ, ಅದೊಂದರ ಮಾತನ್ನೇ ನಂಬಿ ತಿರಸ್ಕರಿಸಲಾಗದು.

ಆರ್‌ಸ್ಪ್ಯಾಮ್‌ಡಿಯ ಮೂಲ ಏರ್ಪಾಡಿನಲ್ಲಿ 4 ಅಂಕ ಮುಟ್ಟಿದ ಪತ್ರಕ್ಕೆ ಗ್ರೇಲಿಸ್ಟಿಂಗ್, 6ಕ್ಕೆ ಸ್ಪ್ಯಾಮೆಂಬ ಗುರುತು, 15ಕ್ಕೆ ತಿರಸ್ಕಾರ. ಈ ಮಿತಿಗಳನ್ನು ಆತುರದಿಂದ ಇಳಿಸಬಾರದು. ತಿರಸ್ಕರಿಸಬೇಕಾದುದನ್ನು ಸಂಪರ್ಕ ಇನ್ನೂ ತೆರೆದಿರುವಾಗಲೇ 550ರಿಂದ ಆರಂಭವಾಗುವ ಉತ್ತರ ಕೊಟ್ಟು ತಿರಸ್ಕರಿಸಿದರೆ, ನಿಜವಾದ ಮನುಷ್ಯನು ಬರೆದ ಪತ್ರವಾಗಿದ್ದ ಪಕ್ಷದಲ್ಲಿ ಅವನ ಸರ್ವರೇ ಅವನಿಗೆ ಸುದ್ದಿ ಮುಟ್ಟಿಸುತ್ತದೆ, ಅವನು ಫೋನಿನಲ್ಲಾದರೂ ವಿಚಾರಿಸಬಲ್ಲನು. ಸ್ವೀಕರಿಸಿದ ಮೇಲೆ ಹಿಂದಿರುಗಿಸಹೋದರೆ, ಆ ಓಲೆ ಖೋಟಾ ವಿಳಾಸದಲ್ಲಿ ಹೆಸರು ಕದಿಯಲ್ಪಟ್ಟ ನಿರಪರಾಧಿಯ ಪೆಟ್ಟಿಗೆಗೆ ಬೀಳುತ್ತದೆ. ಸ್ವೀಕರಿಸಿ ಮೌನವಾಗಿ ಅಳಿಸುವುದಂತೂ ಎಂದಿಗೂ ಕೂಡದು. ನಡುವಿನ ಅಂಕದವು ಪ್ರತ್ಯೇಕ ಕಡತಕ್ಕೆ ಹೋಗಲಿ. ಮೊದಲ ಕೆಲವು ವಾರ ಪ್ರತಿಯೊಬ್ಬರೂ ಅದನ್ನು ತೆರೆದು ನೋಡಿ, ತಪ್ಪಿ ಬಿದ್ದ ಪತ್ರವನ್ನು ಒಳಪೆಟ್ಟಿಗೆಗೆ ಸರಿಸುವಂತೆಯೂ, ಆ ಸರಿಸುವಿಕೆಯೇ ಶೋಧಕಕ್ಕೆ ಪಾಠವಾಗುವಂತೆಯೂ ವ್ಯವಸ್ಥೆಯನ್ನು ಅಳವಡಿಸಬೇಕು.